ದೊರೆಯ ಮನೆಗೆ ಕಳೆ

ಸೊಸೆ ಬಸ್ಸಿನ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಮಾವನವರು ಅವಳ ಆಮೆಯ ಪೆಟ್ಟಿಗೆಯನ್ನು ಸಿಂಗರಿಸಿ, ಮೇಲೊಂದು ಬಟ್ಟೆ ಹೊದಿಸಿ, ಕೈಕಟ್ಟಿ ನಿಂತಿದ್ದರು. ದಿನವಿಡೀ ಸ್ಟೀರಿಂಗ್ ತಿರುಗಿಸಿ ಬಂದವಳಿಗೆ ನೀರು ಕುಡಿಯಲೂ ಪುರಸೊತ್ತು ಕೊಡದೆ, ಬಾ ಬಾ ಎಂದು ಒಳಗೆ ಕರೆದು ಬಟ್ಟೆ ಸರಿಸಿದರು.

ಜವಳಿ ಅಂಗಡಿಗಳ ಗಾಜಿನ ಕಿಟಕಿ ಸಿಂಗರಿಸುವುದು ಅವರ ಕಸುಬು. ಬೊಂಬೆಗೆ ಅಂಗಿ ತೊಡಿಸಿ, ದೀಪ ಹೊಂದಿಸಿ, ರಸ್ತೆಯ ಆಚೆಗೆ ಹೋಗಿ ನಿಂತು ನೋಡುವರು. ಬಾಯಲ್ಲಿ ಸದಾ ಒಂದೇ ರಾಗ: ಕಳೆ ಸಾಲದು, ಇನ್ನೂ ಸ್ವಲ್ಪ ಕಳೆ ಬರಬೇಕು. ಆ ಕೈಚಳಕವೆಲ್ಲ ಇವತ್ತು ಪೆಟ್ಟಿಗೆಗೆ ಇಳಿದಿತ್ತು. ತಳಕ್ಕೆ ಘಮಘಮಿಸುವ ದೇವದಾರು ಮರದ ಹೊಟ್ಟು, ಮೇಲೆ ಕೆಂಪು ನೀಲಿ ಕಲ್ಲುಗಳು, ಮೂಲೆಮೂಲೆಗೆ ಬಣ್ಣದ ಕ್ರೋಟನ್, ನಡುವೆ ಬಿಳಿ ಚುಕ್ಕೆಯ ಅಗಲ ಎಲೆಗಳದೊಂದು ಗಿಡ. ಮುಖ ನೋಡಿಕೊಳ್ಳಲಿ ಎಂದು ಪುಟ್ಟ ಕನ್ನಡಿಯೂ ಇತ್ತು. ಆಮೆ ಮಾತ್ರ ಆ ಕಲ್ಲುಗಳ ನಡುವೆ ತಾನೂ ಕಲ್ಲಾಗಿ, ತಲೆ ಒಳಗೆಳೆದುಕೊಂಡು ಕೂತಿತ್ತು.

ಸೊಸೆಯ ಮುಖ ಬಿಳಿಚಿಕೊಂಡಿತು. ಆಮೆಯನ್ನು ಗಬಕ್ಕನೆ ಎತ್ತಿಕೊಂಡು, ಒಂದೊಂದು ಎಲೆಯ ಅಂಚನ್ನೂ ಬಗ್ಗಿ ನೋಡಿದಳು.

"ಇದು ಏನಾದ್ರೂ ತಿಂತಾ ಮಾವ?"

"ಎಲ್ಲಿ ತಿನ್ನುತ್ತಮ್ಮ? ಬೆಳಗ್ಗೆಯಿಂದ ತಲೇನೇ ಹೊರಗೆ ಹಾಕಿಲ್ಲ."

ಅವಳು ಉಸ್ಸೆಂದು ನೆಲದ ಮೇಲೆ ಕೂತುಬಿಟ್ಟಳು. ಆಮೆಯ ಮೊಂಡುತನವೇ ಆಮೆಯನ್ನು ಉಳಿಸಿತ್ತು. ಚುಕ್ಕೆ ಎಲೆ ಕಚ್ಚಿದರೆ ಬಾಯಿ ಊದುತ್ತದೆ, ಕ್ರೋಟನ್ ಹಾಲು ವಿಷ, ದೇವದಾರಿನ ಘಾಟು ಅದರ ಎದೆಗೆ ಆಗದು, ಕಲ್ಲು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಇಷ್ಟನ್ನೂ ಅವಳು ದನಿ ಏರಿಸದೆ ಹೇಳಿದಳು. ಬೈದಿದ್ದರೆ ಮಾವನವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಯಾವುದಕ್ಕೂ ಅವಸರ ಪಡದ ಆ ಆಮೆಗೆ ಅವಳು ಶಾಲೆಗೆ ಹೋಗುವಾಗಲೇ ದೊರೆ ಎಂದು ಹೆಸರಿಟ್ಟಿದ್ದಳು. ಮದುವೆಯಾಗಿ ಬಂದಾಗ ಜೊತೆಗೆ ದೊರೆಯೂ ಬಂದ. ಆದರೆ ಹೊಸ ಮನೆ ಅವನಿಗೆ ಹಿಡಿಸಲಿಲ್ಲ, ಮೇವು ಮುಟ್ಟುವುದೂ ಕಡಿಮೆಯಾಯಿತು. ಹೀಗೇ ಆದರೆ ಭಾನುವಾರ ತವರಿನಲ್ಲಿ ಬಿಟ್ಟುಬರುತ್ತೇನೆ ಎಂದು ಅವಳು ಹೇಳಿದ್ದಳು. ದೊರೆ ಹೊರಟರೆ ಸೊಸೆಯ ಅರ್ಧ ಜೀವವೂ ಅವನ ಹಿಂದೆಯೇ ಹೊರಡುತ್ತದೆ ಎಂಬುದು ಮಾವನವರಿಗೆ ಗೊತ್ತಿತ್ತು. ಇಷ್ಟೆಲ್ಲ ಸಿಂಗಾರ ಅದಕ್ಕೇ.

"ನೀನೇ ಹೇಳಿದ್ಯಲ್ಲಮ್ಮ," ಎಂದರು ಸಣ್ಣ ದನಿಯಲ್ಲಿ. "ಪೆಟ್ಟಿಗೆಗೆ ಒಂದಿಷ್ಟು ಕಳೆ ಬೇಕು, ಬಿಡುವಾದ್ರೆ ನೋಡಿ ಅಂತ."

ಸೊಸೆ ಅವರನ್ನೇ ನೋಡಿದಳು. ಕನ್ನಡಿ ನೋಡಿದಳು. ತುಟಿ ಬಿಗಿಹಿಡಿದರೂ ನಗು ನಿಲ್ಲಲಿಲ್ಲ.

"ಅಯ್ಯೋ ಮಾವ, ನಾನು ಕೇಳಿದ್ದು ದೊರೆ ಮೇಯೋಕೆ ಕೀಳೋ ಕಳೆ."

ಈ ಮನೆಗೆ ಬಂದಂದಿನಿಂದ ಅವಳು ತಲೆ ತಗ್ಗಿಸಿ ಮುಗುಳ್ನಕ್ಕಿದ್ದೇ ಹೆಚ್ಚು. ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಾವನವರು ಮೊದಲು ಪೆಚ್ಚಾದರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ.

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿದರು. ಹೊಸ ಮಣ್ಣಿಗೇನೂ ಬರವಿರಲಿಲ್ಲ. ಹಿತ್ತಲಿನ ಗೊಬ್ಬರ ಸೋಕದ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ, ದೊರೆ ತೋಡಿ ಮಲಗುವಷ್ಟು ದಪ್ಪ ಹಾಸಿದರು. ಫಜೀತಿಯಾದದ್ದು ಕಳೆಗೆ. ತಮ್ಮ ಅಂಗಳದಲ್ಲಿ ಒಂದು ಎಸಳು ಕಳೆಯೂ ತಲೆ ಎತ್ತದಂತೆ ಮಾವನವರು ಕಾವಲು ಕಾಯುತ್ತಿದ್ದರು. ಕಾಡು ಬೆಳೆದದ್ದು ಪಕ್ಕದ ಮನೆಯ ಸಂಗೀತದ ಮೇಷ್ಟ್ರ ಅಂಗಳದಲ್ಲಿ. ನಿಮ್ಮ ಕಳೆಯ ಬೀಜ ನನ್ನ ಕಡೆ ಹಾರಿ ಬರುತ್ತದೆ ಎಂದು ವರ್ಷಗಟ್ಟಲೆ ಜಗಳ ತೆಗೆದಿದ್ದ ಮನುಷ್ಯ ಈಗ ಬುಟ್ಟಿ ಹಿಡಿದು ಅದೇ ಗೋಡೆಯ ಹತ್ತಿರ ಹೋಗಿ ಕೆಮ್ಮಿದರು. ಮಾವನವರು ಕೇಳಿದ್ದನ್ನು ಮೇಷ್ಟ್ರು ಎರಡೆರಡು ಸಲ ಹೇಳಿಸಿಕೊಂಡು ಖುಷಿಪಟ್ಟರು. ಔಷಧಿ ಹೊಡೆಯುವಷ್ಟು ಚುರುಕು ತಮಗಿಲ್ಲ, ಧಾರಾಳವಾಗಿ ಕಿತ್ತುಕೊಳ್ಳಿ ಎಂದರು.

ಗರಿಕೆ, ನೆಲಕ್ಕೆ ಹಬ್ಬುವ ಸೊಪ್ಪು, ಜೊತೆಗೊಂದು ದಾಸವಾಳದ ಸಸಿ, ಎಲ್ಲವನ್ನೂ ಬೇರುಸಹಿತ ನೆಟ್ಟರು. ಸುಮ್ಮನಿರಲಾರದೆ ಮಾವನವರು ಎತ್ತರದ್ದನ್ನು ಹಿಂದಕ್ಕೂ ಗಿಡ್ಡದ್ದನ್ನು ಮುಂದಕ್ಕೂ ಸರಿಸಿದರು. ಸೊಸೆ ದೊರೆಯನ್ನು ಇಳಿಸಿದಳು. ಇಬ್ಬರೂ ಉಸಿರು ಬಿಗಿಹಿಡಿದು ಕೂತರು.

ಮೊದಲು ಮೂಗಿನ ತುದಿ ಬಂತು. ಆಮೇಲೆ ಸುಕ್ಕುಗಟ್ಟಿದ ಕತ್ತು. ದೊರೆ ಎರಡು ಹೆಜ್ಜೆ ಇಟ್ಟು, ದಾಸವಾಳದ ಎಲೆಯೊಂದನ್ನು ಕಚಕ್ ಎಂದು ಕಚ್ಚಿದ. ಸೊಸೆ ಮಾವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ರಾತ್ರಿ ತವರಿಗೆ ಫೋನ್ ಮಾಡಿ, ದೊರೆ ಇನ್ನು ಇಲ್ಲೇ ಇರುತ್ತಾನೆ, ಭಾನುವಾರ ಕಾಯಬೇಡಿ ಎಂದಳು. ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡ ಮಾವನವರಿಗೆ ಸಂತೋಷಕ್ಕೆ ಕಣ್ಣು ತುಂಬಿತು.

ಮರುದಿನ ಬೆಳಗ್ಗೆ ಮೇಷ್ಟ್ರು ಗೋಡೆಯ ಮೇಲಿಂದ ಇಣುಕಿದಾಗ, ಮಾವನವರು ಅಂಗಳದ ಒಂದು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಚೊಂಬಿನಿಂದ ನೀರು ಚಿಮುಕಿಸುತ್ತಿದ್ದರು.

"ಏನ್ರೀ ಇದು, ಕಳೆಗೆ ನೀರು ಹಾಕ್ತಿದ್ದೀರಾ?"

ಮಾವನವರು ತಿರುಗಿ ನೋಡಲಿಲ್ಲ.

"ಮತ್ತೆ ಮನೆಗೆ ಕಳೆ ಬೇಡ್ವಾ ಮೇಷ್ಟ್ರೇ?"