ಮೂರು ಗಂಟೆಯ ನೆರಳು

"ನಿನ್ನ ನೆತ್ತಿ ಮೇಲೆ ಇನ್ನೊಂದು ಸಲ ಬಿಸಿಲು ಬೀಳೋಕೆ ನಾನು ಬಿಡಲ್ಲ" ಎಂದು ಅಪ್ಪ ಮಾತು ಕೊಟ್ಟಾಗ ಅವಳಿಗೆ ಎಂಟು ವರ್ಷ. ತಾರಸಿಯ ಪಶ್ಚಿಮದ ಮೂಲೆಯಲ್ಲಿ ಒಣಹಾಕಿದ ಬಟ್ಟೆಗೆ ಕಾವಲು ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದವಳು, ಅಂದು ತಲೆ ತಿರುಗಿ ಬಿದ್ದಿದ್ದಳು. ಮರುದಿನದಿಂದ ಅಪ್ಪ ಗೋದಾಮಿನಲ್ಲಿ ಮೂಟೆ ಹೊರುವುದು ಮುಗಿಸಿ, ಮೂರು ಗಂಟೆಗೆ ಕೈಕಾಲು ಕೂಡ ತೊಳೆಯದೆ ನೇರ ಮೇಲೆ ಬಂದು, ಸೂರ್ಯನಿಗೆ ಬೆನ್ನು ಕೊಟ್ಟು ಅವಳಿಗೆ ಅಡ್ಡ ನಿಲ್ಲುತ್ತಿದ್ದ. ಒಂದು ಕೊಡೆ ಕೊಟ್ಟರೆ ಸಾಲದೇ ಎಂದು ಅಮ್ಮ ಗೊಣಗಿದರೆ, "ಕೊಡೆ ಗಾಳಿಗೆ ಹಾರುತ್ತೆ ಕಣೇ, ನಾನು ಹಾರಲ್ಲ" ಎನ್ನುತ್ತಿದ್ದ. ಅಪ್ಪ ತೀರಿಹೋಗಿ ಇಪ್ಪತ್ತೆರಡು ವರ್ಷ. ಆಮೇಲೆ ಅವಳು ಆ ಮೂಲೆಯಲ್ಲಿ ಒಂದು ದಿನವೂ ಕೂತಿಲ್ಲ.

ಈಗ ಅದೇ ಮನೆಯ ಬೀದಿ ಕೋಣೆಯಲ್ಲಿ ಅವಳ ಇಸ್ತ್ರಿ ಅಂಗಡಿ. ಬೆಳಗಿನಿಂದ ಕತ್ತಲಾಗುವವರೆಗೆ ಎರಡು ಇಸ್ತ್ರಿಪೆಟ್ಟಿಗೆ ಕಾಯುತ್ತಲೇ ಇರಬೇಕು. ದುಡಿದದ್ದರಲ್ಲಿ ಅರ್ಧ ಕರೆಂಟೇ ನುಂಗುತ್ತಿತ್ತು. ಮಗಳ ಕಾಲೇಜಿಗೆಂದು ಎತ್ತಿಟ್ಟ ದುಡ್ಡು ಹಾಕಿ ತಾರಸಿಗೆ ಸೋಲಾರ್ ಹಾಕಿಸುವುದೋ ಬೇಡವೋ ಎಂದು ಆರು ತಿಂಗಳಿಂದ ತೂಗಿದ್ದಳು. ಹಾಕಿಸಿ ಎಡವಿದರೆ ಕಾಲೇಜೂ ಇಲ್ಲ, ಅಂಗಡಿಯೂ ಇಲ್ಲ. ಕೊನೆಗೆ ಕರೆಸಿದ ಸೋಲಾರ್‌ನವನು ಪುಣ್ಯಕ್ಕೆ ನ್ಯಾಯಸ್ಥ. ಮುಂಗಡ ಮುಟ್ಟದೆ, ಊಟದ ತಟ್ಟೆಯಷ್ಟು ಅಗಲದ ಎರಡು ಫಲಕಗಳನ್ನು ಪರೀಕ್ಷೆಗೆಂದು ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಇಟ್ಟು, ವಾರವಿಡೀ ಅವು ಎಷ್ಟು ಕರೆಂಟು ಕೊಡುತ್ತವೋ ಮೊಬೈಲಿನಲ್ಲಿ ಗೆರೆ ಮೂಡುವ ಹಾಗೆ ಮಾಡಿಹೋದ.

ಎಂಟನೆಯ ದಿನ ಬಂದವನು ಗೆರೆ ನೋಡಿ ಹುಬ್ಬು ಗಂಟಿಕ್ಕಿದ. ಪೂರ್ವದ ಫಲಕದ್ದು ನುಣ್ಣಗಿತ್ತು. ಪಶ್ಚಿಮದ್ದು ಮೂರು ಗಂಟೆಗೆ ಚಾಕುವಿನಲ್ಲಿ ಕೊಯ್ದಂತೆ ಕೆಳಗೆ ಬಿದ್ದು, ನಾಲ್ಕೂವರೆಗೆ ಮತ್ತೆ ಎದ್ದಿತ್ತು. ಫಲಕವೇ ಕೆಟ್ಟಿರಬೇಕೆಂದು ಎರಡನ್ನೂ ಅದಲುಬದಲು ಮಾಡಿ ಇನ್ನೊಂದು ವಾರ ಬಿಟ್ಟ. ಮತ್ತೆ ಅದೇ ಮೂಲೆ, ಅದೇ ಹೊತ್ತು. ತಾರಸಿಯ ತುದಿಗೆ ನಿಂತು ಸುತ್ತ ಕಣ್ಣಾಡಿಸಿದ. ಮರವಿಲ್ಲ, ಕಂಬವಿಲ್ಲ, ಪಕ್ಕದ ಮನೆಗಳೆಲ್ಲ ಗಿಡ್ಡ.

"ಅಕ್ಕ, ಏನೋ ಅಡ್ಡ ಬರ್ತಿದೆ. ಏನಂತ ನಂಗೂ ಗೊತ್ತಾಗ್ತಿಲ್ಲ. ಫಲಕದ ಸಾಲಲ್ಲಿ ಒಂದಕ್ಕೆ ನೆರಳು ಬಿದ್ರೆ ಇಡೀ ಸಾಲು ಕುಂಟುತ್ತೆ. ಆರು ವರ್ಷಕ್ಕೆ ಹುಟ್ಟಬೇಕಾದ ದುಡ್ಡು ಒಂಬತ್ತಾದ್ರೂ ಹುಟ್ಟಲ್ಲ. ನನ್ನ ಮನೆಯಾಗಿದ್ರೆ ನಾನು ಹಾಕಿಸ್ತಿರಲಿಲ್ಲ." ನಾಡಿದ್ದರೊಳಗೆ ಹೂಂ ಅಥವಾ ಊಹೂಂ ಹೇಳಿ ಎಂದು ಅವನು ಹೊರಟುಹೋದ.

ಮಗಳು ಇನ್ನೂ ಮೊಬೈಲು ತೀಡುತ್ತಿದ್ದಳು. "ಅಮ್ಮ, ಇಲ್ನೋಡು, ಎರಡು ವಾರದಲ್ಲೂ ಭಾನುವಾರ ಮಾತ್ರ ಗೆರೆ ಕೆಳಗೆ ಬಿದ್ದೇ ಇಲ್ಲ. ಯಾರೋ ಡ್ಯೂಟಿಗೆ ಬಂದು ಹೋದ ಹಾಗಿದೆ" ಎಂದು ನಕ್ಕಳು.

ಅವಳು ನಗಲಿಲ್ಲ. ಗೋದಾಮಿಗೆ ಭಾನುವಾರ ರಜೆ ಇರುತ್ತಿತ್ತು. ಅಂದು ಅಪ್ಪ ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದ. ಅವಳಿಗೂ ಪುಸ್ತಕದಿಂದ ಬಿಡುವು.

ಮರುದಿನ ಮೂರಕ್ಕೆ ಐದು ನಿಮಿಷವಿರುವಾಗ ಇಸ್ತ್ರಿಪೆಟ್ಟಿಗೆಯನ್ನು ಆರಿಸಿ, ಒಬ್ಬಳೇ ತಾರಸಿ ಹತ್ತಿದಳು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಚಪ್ಪಲಿಯ ಅಡಿಯಿಂದಲೂ ನೆಲ ಸುಡುತ್ತಿತ್ತು. ಮೂರಾಯಿತು. ಫಲಕದ ಮೇಲೆ, ಯಾರೋ ಮೆಲ್ಲಗೆ ಬಂದು ನಿಂತ ಹಾಗೆ, ನೆರಳು ಬಿತ್ತು. ತಲೆ ಎತ್ತಿ ನೋಡಿದರೆ ಎದುರಿಗೆ ಬಿಸಿಲು ಬಿಟ್ಟು ಏನೂ ಇಲ್ಲ. ನೆಲದ ಮೇಲೆ ಮಾತ್ರ ಸೊಂಟಕ್ಕೆ ಕೈಯಿಟ್ಟ ಆಕಾರ. ಎಡಭುಜ ನೆಟ್ಟಗಿತ್ತು. ಬಲಭುಜ, ವರ್ಷಗಟ್ಟಲೆ ಮೂಟೆ ಹೊತ್ತು ಜಗ್ಗಿದ್ದು, ನಾಲ್ಕು ಬೆರಳು ಇಳಿದಿತ್ತು.

ಇಪ್ಪತ್ತೆರಡು ವರ್ಷ, ಯಾರೂ ಕೂರದ ಜಾಗಕ್ಕೆ ಅಪ್ಪ ಬರುತ್ತಲೇ ಇದ್ದ. ಅವಳು ಕೂರುವುದನ್ನು ಬಿಟ್ಟಳೆಂದು ಅವನಿಗೆ ಹೇಳುವವರಾದರೂ ಯಾರಿದ್ದರು? ಫಲಕವನ್ನು ಪಕ್ಕಕ್ಕೆ ಸರಿಸಿ, ಹಳೆಯ ಜಾಗದಲ್ಲಿ ಮಂಡಿ ಮಡಚಿ ಕೂತಳು. ನೆತ್ತಿ ತಣ್ಣಗಾಯಿತು. ಗೋಣಿಯ ಧೂಳಿನ ವಾಸನೆ ಬಂತು.

"ಅಪ್ಪ, ನಾನು ಈಗ ಇಲ್ಲಿರಲ್ಲ" ಎಂದಳು, ಮಲಗಿದವರನ್ನು ಎಬ್ಬಿಸುವಷ್ಟೇ ಸಣ್ಣ ದನಿಯಲ್ಲಿ. "ಕೆಳಗಿರ್ತೀನಿ. ಇಲ್ಲಿ ನಂಗೆ ಬಿಸಿಲು ಬೇಕು."

ನೆರಳು ಕದಲಲಿಲ್ಲ. ಬಹಳ ಹೊತ್ತಿನ ನಂತರ, ಯಾರೋ ಭಾರ ಇಳಿಸಿದಂತೆ, ಆ ಬಲಭುಜ ಸ್ವಲ್ಪ ಮೇಲೆದ್ದಿತು. ಆಮೇಲೆ ಅವಳ ಮುಖಕ್ಕೆ ಬಿಸಿಲು ರಪ್ಪನೆ ಬಡಿಯಿತು. ಫಲಕವನ್ನು ಮತ್ತೆ ಮೊದಲಿನ ಜಾಗದಲ್ಲೇ ಇಟ್ಟು ಕೆಳಗಿಳಿದಳು.

ಮಾರನೆಯ ದಿನ ಮೊಬೈಲಿನಲ್ಲಿ ಪಶ್ಚಿಮದ ಗೆರೆ ಸಂಜೆಯವರೆಗೂ ನುಣ್ಣಗಿತ್ತು. ಅವಳು ಹೂಂ ಎಂದಳು. ತಿಂಗಳೊಳಗೆ ಫಲಕಗಳು ಕೂತವು. ಸೋಲಾರ್‌ನವನು ಹೇಳಿದ್ದಕ್ಕಿಂತ ಒಂದು ತೂಕ ಹೆಚ್ಚೇ ಕರೆಂಟು ಬಂತು. ಮಗಳು ಕಾಲೇಜಿನ ಅರ್ಜಿ ತಂದಳು.

ಅಂಗಡಿಯ ಬಾಗಿಲು ಪಶ್ಚಿಮಕ್ಕೆ. ಬೀದಿಗೆ ಬೆನ್ನು ಮಾಡಿ ಇಸ್ತ್ರಿ ಹಾಕುವ ಅವಳ ಕತ್ತನ್ನು ಮಧ್ಯಾಹ್ನದ ಬಿಸಿಲು ಇಷ್ಟು ವರ್ಷವೂ ಸುಟ್ಟಿತ್ತು. ಈಗ ಮೂರು ಹೊಡೆಯುತ್ತಲೇ ಕತ್ತು ತಣ್ಣಗಾಗುತ್ತದೆ. ಮೇಜಿನ ಮೇಲಿನ ಬಿಳಿ ಅಂಗಿಗೆ ಒಂದು ಭುಜ ಇಳಿದ ನೆರಳು ಬೀಳುತ್ತದೆ. ಬಟ್ಟೆ ಕೊಡಲು ಬಂದವರು ಯಾಕೋ ಹೊಸ್ತಿಲಲ್ಲೇ ತಡೆದು, ಯಾರಿಗೋ ದಾರಿ ಬಿಟ್ಟವರಂತೆ ಓರೆಯಾಗಿ ಒಳಗೆ ಬರುತ್ತಾರೆ. ಅವಳು ಒಮ್ಮೆಯೂ ತಿರುಗಿ ನೋಡಿಲ್ಲ.

ಭಾನುವಾರ ಅಂಗಡಿಗೆ ರಜೆಯಿಲ್ಲ. ಅಂದು ಕತ್ತು ಸುಡುತ್ತದೆ. ಉಳಿದ ಆರು ದಿನ ಅಪ್ಪ ಮಾತು ತಪ್ಪಿಲ್ಲ.