ಮದುವೆ ಕುಪ್ಪಸದ ತೋಳು

ಕತ್ತರಿಯ ಬಾಯಿ ತೆರೆದಿತ್ತು, ಗೌಹರಳ ಕೈ ಮಾತ್ರ ಮುಂದೆ ಹೋಗಲಿಲ್ಲ. ಮುಂದೆ ಹಾಸಿದ್ದು ತಂಗಿಯ ಮದುವೆ ಕುಪ್ಪಸದ ರೇಷ್ಮೆ ಬಟ್ಟೆ. ಶಿರಾದ ಹೊಲಿಗೆ ಕ್ಲಾಸಿನಲ್ಲಿ ಈಗಷ್ಟೇ ಟೀಚರಮ್ಮ "ತಿಳೀತಾ?" ಅಂದಾಗ, ಎಲ್ಲ ಹೆಂಗಸರ ಜೊತೆ ಅವಳೂ ಮಧುಗಿರಿ ಬೆಟ್ಟಕ್ಕೆ ಕೇಳುವಂತೆ "ತಿಳೀತು" ಎಂದು ಕೂಗಿದ್ದಳು. ಆದರೆ ತೋಳು ಕತ್ತರಿಸುವುದು ಹೇಗೆಂದು ತಿಳಿದಿರಲೇ ಇಲ್ಲ.

"ಕತ್ತರ್ಸೇ, ಎಲ್ರೂ ನೋಡ್ತಾವ್ರೆ," ಎಂದು ಪಕ್ಕದ ರಾಮಾಂಜಿನಮ್ಮ ತಿವಿದಳು.

"ಬಟ್ಟೆ ಕೆಟ್ರೆ ಮದುವಣಗಿತ್ತಿ ನನ್ನೇ ಕತ್ತರಿಸ್ತಾಳೆ ಕಣಮ್ಮ!" ಗೌಹರ್ ಕತ್ತರಿ ಕೆಳಗಿಟ್ಟು ಎದ್ದು ನಿಂತಳು. "ಟೀಚರಮ್ಮಾ, ತೋಳು ಹೆಂಗೆ ಕತ್ತರಿಸೋದು? ನಂಗೆ ತಿಳೀಲಿಲ್ಲ."

ಟೀಚರಮ್ಮ ಸೀಮೆಸುಣ್ಣ ಎತ್ತಿಕೊಳ್ಳುವಷ್ಟರಲ್ಲಿ ರಾಮಾಂಜಿನಮ್ಮನೂ ಎದ್ದು, ಚೀಲದ ತಳದಿಂದ ಒಂದು ಕುಪ್ಪಸ ಎಳೆದು ಎಲ್ಲರಿಗೂ ಕಾಣುವಂತೆ ಹಿಡಿದಳು.

"ನಂಗೂ ಹೇಳ್ಕೊಡಿ ಟೀಚರಮ್ಮಾ. ಯಾರ್ನೂ ಕೇಳ್ದೇನೆ ಕತ್ತರಿಸ್ಬುಟ್ಟೆ, ಎರಡೂ ಎಡಗೈ ತೋಳೇ ಆಗ್ಬುಟ್ಟವೆ!"