ಕಡೆ ಸೆಕೆಯ ಪಟ್ಟಿ

"ಅಂಗಿ ಬಿಚ್ಚು ಮುದುಕಪ್ಪಾ," ಎಂದಳು ರುಯಿಫೆನ್, ಬಟ್ಟಲಿನ ಮದ್ದನ್ನು ಬೆರಳಿನಿಂದ ಕಲಸುತ್ತ.

ಅವಳ ಗಂಡ ದೆಮಾವ್ ಅಂಗಿ ಬಿಚ್ಚಿದ. ಕುರ್ಚಿಯನ್ನು ಹಿಂದುಮುಂದು ತಿರುಗಿಸಿ ಅದರ ಒರಗಿಗೆ ಎದೆ ಆನಿಸಿ ಕೂತ. ಅಷ್ಟಕ್ಕೇ ಏದುಸಿರು ಬಂತು. ಅವಳು ಸಾಸಿವೆಪುಡಿಗೆ ಶುಂಠಿರಸ ಹಾಕಿದ ಮದ್ದನ್ನು ಬಟ್ಟೆಪಟ್ಟಿಗೆ ಮೆತ್ತಿ, ಅವನ ಹೆಗಲ ಮೂಳೆಗಳ ನಡುವೆ ಒತ್ತಿದಳು. ಬೇಸಿಗೆಯ ಮೊದಲ ಸೆಕೆ, ನಡು ಸೆಕೆ, ಕಡೆ ಸೆಕೆ ಎಂದು ಪಂಚಾಂಗ ಹೇಳುವ ಮೂರು ದಿನವೂ ಹೀಗೆ ಬೆನ್ನು ಉರಿಸಿಕೊಂಡವನಿಗೆ ಚಳಿಗಾಲದಲ್ಲಿ ಕೆಮ್ಮು ಬರುವುದಿಲ್ಲ. ಬೋಜೋ ಪಟ್ಟಣದಲ್ಲಿ ಇದನ್ನು ನಂಬದ ಮನೆಯಿಲ್ಲ. ಇವತ್ತು ಕಡೆ ಸೆಕೆ.

"ಉರೀತಿದೆಯಾ?"

"ಹಂದಿ ಸುಡೋಕೆ ಇಷ್ಟು ಸಾಕು ಕಣೇ."

"ಉರಿದ್ರೆ ಒಳಗೆ ಇಳೀತಿದೆ ಅಂತ. ಹಿಮ ಬೀಳುವಾಗ ನನ್ನ ಹೊಗಳ್ತೀಯ ನೋಡು," ಎಂದಳು. ಅಷ್ಟು ಹೇಳಿ ತೋಳಿನಿಂದ ಕಣ್ಣು ಒರೆಸಿಕೊಂಡಳು. ಅವನ ಬೆನ್ನು ತನ್ನ ಕಡೆಗಿದ್ದದ್ದೇ ಪುಣ್ಯ.

ಹಿಮ ಬೀಳುವವರೆಗೆ ಅವನಿರುವುದಿಲ್ಲ. ಆಸ್ಪತ್ರೆಯ ಓಣಿಯಲ್ಲಿ ಡಾಕ್ಟರು ಅವಳೊಬ್ಬಳನ್ನೇ ಕರೆದು, ಎಲೆ ಉದುರುವವರೆಗೆ ಉಳಿದರೆ ಹೆಚ್ಚು ಎಂದಿದ್ದರು. ನಮ್ಮ ಕಡೆ ಇಂಥ ಸುದ್ದಿಯನ್ನು ರೋಗಿಗೆ ಹೇಳುವುದಿಲ್ಲ. ಹೇಳಿದರೆ ಅವನು ಅಲ್ಲೇ ಕುಸಿಯುತ್ತಾನೆ, ಹೊರುವುದೇನಿದ್ದರೂ ಮನೆಯವರು. ದೆಮಾವ್‌ಗೆ ಹೇಳಿದ್ದು ಹಳೆಯ ಕೆಮ್ಮು ಕೆದರಿದೆ ಎಂದಷ್ಟೇ. ಈ ವರ್ಷ ಪಟ್ಟಿ ತಪ್ಪಿಸಿದರೆ ಅವನಿಗೆ ಅನುಮಾನ ಬರುತ್ತದೆ. ಅದಕ್ಕೇ ಅವಳು ಅವನು ಕಾಣದ ಚಳಿಗಾಲಕ್ಕೆ ಮದ್ದು ಅರೆಯುತ್ತಿದ್ದಳು. ಅರೆಯುವಾಗ ಕಣ್ಣಲ್ಲಿ ನೀರು ಬಂದರೆ ಶುಂಠಿಯ ಘಾಟು ಎನ್ನುತ್ತಿದ್ದಳು.

ಒಂದೊಂದು ಕಾಲಕ್ಕೆ ಅವಳದು ಒಂದೊಂದು ಕಟ್ಟಳೆ. ಚಿಗುರಿನ ಕಾಲದಲ್ಲಿ ಹತ್ತಿ ತುಂಬಿದ ಕೋಟು ಬೇಗ ಕಳಚಬಾರದು, ಸಿಟ್ಟು ಮಾಡಬಾರದು, ಪಿತ್ತಕ್ಕೆ ಕೆಡುಕು. ಬೇಸಿಗೆಯಲ್ಲಿ ಐಸಿನಲ್ಲಿಟ್ಟ ಕಲ್ಲಂಗಡಿ ಮುಟ್ಟಬಾರದು. ಎಲೆ ಉದುರುವ ಕಾಲಕ್ಕೆ ಬೇಯಿಸಿದ ಮರಸೇಬು. ಆಗ ದುಃಖಪಡಬಾರದು, ದುಃಖ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಚಳಿಗೆ ಬಿಸಿನೀರಿನಲ್ಲಿ ಪಾದ. "ನಮ್ಮವಳು ಅಳೋಕೂ ಪಂಚಾಂಗ ನೋಡ್ತಾಳೆ," ಎಂದು ದೆಮಾವ್ ಓಣಿಯ ತುಂಬ ಹೇಳಿಕೊಂಡು ನಗುತ್ತಿದ್ದ. ನಕ್ಕರೂ ಒಂದು ಕಟ್ಟಳೆಯನ್ನೂ ಮೀರಿದವನಲ್ಲ.

"ಈಗ ನಿನ್ನ ಸರದಿ," ಎಂದು ಅವನು ಕುರ್ಚಿ ಹಿಡಿದು ಎದ್ದ. ಪ್ರತಿ ಬೇಸಿಗೆ ಅವಳ ಬೆನ್ನಿಗೆ ಪಟ್ಟಿ ಹಾಕುತ್ತಿದ್ದವನು ಅವನೇ.

"ನನಗೆ ಬೇಡ ಈ ಸಲ. ನೀನು ದಣಿದಿದ್ದೀಯ, ಕೂತ್ಕೋ."

"ನಾನು ಹಾಕೋದಿಲ್ಲ. ನೀನೇ ಹಾಕ್ಕೋತೀಯ. ಬಾ ಇಲ್ಲಿ."

ಒಳಕೋಣೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನ ಒಂದು ಗೆರೆಯಿತ್ತು. ಜೀವಮಾನವೆಲ್ಲ ಬಡಗಿ ಕೆಲಸ ಮಾಡಿದವನ ನೆಟ್ಟನೆಯ ಗೆರೆ. ಅವನು ಇನ್ನೊಂದು ಪಟ್ಟಿಗೆ ಮದ್ದು ಮೆತ್ತಿ, ಹಿಂಬದಿಗೆ ಹಿಟ್ಟಿನ ಗೋಂದು ಸವರಿ, ಮದ್ದು ಹೊರಗೆ ಬರುವಂತೆ ಆ ಗೆರೆಗೆ ಸರಿಯಾಗಿ ಅಂಟಿಸಿದ.

"ಕುಪ್ಪಸ ಮೇಲೆತ್ತಿ ಗೋಡೆಗೆ ಬೆನ್ನು ಕೊಡು. ಒರಗು. ಇನ್ನೂ ಸ್ವಲ್ಪ."

ಅವಳು ಒರಗಿದಳು. ಪಟ್ಟಿ ಅವನ ಬೆರಳುಗಳು ಇಷ್ಟು ವರ್ಷ ಒತ್ತುತ್ತಿದ್ದ ಜಾಗದಲ್ಲೇ ಕೂತಿತು. ಕೂದಲೆಳೆಯಷ್ಟೂ ಆಚೀಚೆಯಿಲ್ಲ.

"ಇದೇನು ನಿನ್ನ ಹೊಸ ಆಟ?"

"ನಮ್ಮ ಬೆನ್ನಿಗೆ ನಮ್ಮ ಕೈ ಎಟುಕಲ್ಲ ಕಣೇ. ಮುಂದಿನ ವರ್ಷ ಹೀಗೇ ಹಾಕ್ಕೋ. ಸುಣ್ಣ ಹೊಡೆಸುವಾಗ ಆ ಗೆರೆ ಬಿಟ್ಟು ಹೊಡೆಸು."

ರುಯಿಫೆನ್ ಒರಗಿದಲ್ಲಿಂದಲೇ ತಿರುಗಿ ಅವನ ಮುಖ ನೋಡಿದಳು. ಇಷ್ಟು ದಿನ ಹಲ್ಲು ಕಚ್ಚಿ ಗುಟ್ಟು ಕಾದದ್ದು, ಹಳೆಯ ಕೆಮ್ಮಿನ ಸುಳ್ಳು, ಸುಳ್ಳು ನಗು, ಎಲ್ಲ ನೀರುಪಾಲು.

"ಯಾರು... ಯಾರು ಹೇಳಿದ್ರು ನಿನಗೆ?"

"ನೀನೇ."

"ನಾನಾ? ನಾನು ಬಾಯಿ ಬಿಟ್ಟಿಲ್ಲ!"

"ನಿನ್ನೆ ನಾನು ಐಸಿನ ಕಲ್ಲಂಗಡಿ ಬೇಕು ಅಂದೆ. ಮದುವೆಯಾದಾಗಿನಿಂದ ಪ್ರತಿ ಬೇಸಿಗೆ ಕೇಳ್ತಾನೇ ಬಂದಿದ್ದೀನಿ, ಬೈಸಿಕೊಂಡೇ ಬಂದಿದ್ದೀನಿ. ನಿನ್ನೆ ನೀನು ಒಂದು ಮಾತೂ ಆಡದೆ ಹೆಚ್ಚಿ ತಂದು ಕೊಟ್ಟೆ. ಬೀಜ ಬೇರೆ ತೆಗೆದು."

ಅವಳು ಕಣ್ಣು ಮುಚ್ಚಿಕೊಂಡಳು. ಬೆನ್ನು ಉರಿಯತೊಡಗಿತ್ತು. ತುಟಿ ಬಿಗಿಹಿಡಿದು ಅಳು ನುಂಗಿದಳು, ಮತ್ತೆ ನುಂಗಿದಳು.

"ಅಳೋದಿದ್ರೆ ಈಗಲೇ ಅತ್ತುಬಿಡು," ಎಂದ ದೆಮಾವ್, ಕುರ್ಚಿಗೆ ಮೆಲ್ಲಗೆ ಮರಳುತ್ತ. "ಎಲೆ ಉದುರೋ ಕಾಲದಲ್ಲಿ ಅಳಬಾರದಲ್ಲ."